ಹೆಸರು ಬರೆಯದ ದೋಣಿ

“ಇಲ್ಲದ್ ದೋಣಿಗೆ ಯಾವ್ ಬಣ್ಣ ಬಳುದ್?”

ಗೋವರ್ಧನ ಯಾರನ್ನೂ ಕೇಳಿದ್ದಲ್ಲ. ಗಾಳಿಮರಗಳ ನೆರಳಿನಲ್ಲಿ, ತೆಂಗಿನ ದಿಮ್ಮಿಗಳ ಮೇಲೆ ಏರಿಸಿಟ್ಟ ಹಳೆಯ ದೋಣಿಯ ಮುಂದೆ ಬ್ರಷ್ ಹಿಡಿದು ನಿಂತಿದ್ದವನ ಬಾಯಿಂದ ಮಾತು ತಾನಾಗಿ ಜಾರಿತು. ಎದುರಿಗೆ ಕಡಲಿತ್ತು. ಇಂಥ ಪ್ರಶ್ನೆಗಳನ್ನು ಕೇಳಿಸಿಕೊಂಡೂ ಕೇಳಿಸದ ಹಾಗೆ ಇರುವುದು ಕಡಲಿಗೆ ಹುಟ್ಟಿನಿಂದ ಬಂದ ವಿದ್ಯೆ.

ದೋಣಿಯ ಆಚೆ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು ಹಳೆಯ ಬಣ್ಣ ಕೆರೆಯುತ್ತಿದ್ದ ಪದ್ದುವಿಗೆ ಮಾತ್ರ ಅದು ಕೇಳಿಸಿತು. ಪದ್ದು ಅವನ ಜೊತೆಗೇ ಬೆಳೆದವನು, ಅವನ ದೋಣಿಯಲ್ಲೇ ಕಡಲಿಗೆ ಹೋಗುವವನು, ಬಾಯಿಗೆ ಬೀಗವಿಲ್ಲದವನು.

“ನೀಲಿ ಬಳಿ ಮಾರಾಯ. ಇಲ್ದಿದ್ದದ್ದೆಲ್ಲ ನೀಲಿಯೇ ಅಲ್ದಾ, ಆಕಾಶ್ದಂಗೆ.”

“ಅಣ್ಣನ್ ದೋಣಿ ಹಸ್ರ್ ಇದ್ದಿತ್ತ್.”

“ಹಾಂಗಾರೆ ಹಸ್ರೇ ಬಳಿ. ನಿನ್ ನಾಲ್ಗೆ ಮಾಡಿದ್ ಕೆಲ್ಸಕ್ಕೆ ನನ್ ಬೆನ್ನ್ ಮುರೀತಿತ್ತ್.”

ಗೋವರ್ಧನ ಹಸಿರು ಡಬ್ಬಿಯ ಮುಚ್ಚಳ ತೆಗೆದ.

ಅವನ ಅಣ್ಣ ವೆಂಕಟ ಹೋದ ಮಳೆಗಾಲದಲ್ಲಿ ತೀರಿಹೋಗಿದ್ದ. ಹೊಳೆ ಕಡಲಿಗೆ ಬೀಳುವ ಕೋಡಿಯ ಅಳಿವೆಯಲ್ಲಿ ದೋಣಿ ಮಗುಚಿತು. ಜೊತೆಯವರು ಈಜಿ ದಡ ಸೇರಿದರು, ವೆಂಕಟ ಬಲೆಯಲ್ಲಿ ಸಿಕ್ಕಿಕೊಂಡ. ದೇಹ ಸಿಕ್ಕಿತು, ಕ್ರಿಯೆಯೂ ಆಯಿತು. ದೋಣಿ ಮಾತ್ರ ಚೂರಾಗಿ ಕಡಲ ಪಾಲಾಯಿತು. ಅದರ ಹೆಸರು ‘ಮೂಕಾಂಬಾ ಪ್ರಸಾದ’. ಕೊಲ್ಲೂರಿಗೆ ಹೋಗಿ ಪ್ರಸಾದ ಕೇಳಿ ಇಟ್ಟ ಹೆಸರು.

ಆ ‘ಮೂಕಾಂಬಾ ಪ್ರಸಾದ’ ನಾಳೆ ದಡದಲ್ಲಿ ಇರಬೇಕಾಗಿತ್ತು. ಹೊಯ್ಗೆಕೇರಿ ಹಾಗೆಂದು ಮಾತು ಕೊಟ್ಟುಬಿಟ್ಟಿತ್ತು.

ಬೀಜಾಡಿಯ ಬಡಗು ಬದಿಯಲ್ಲಿ ಕಡಲಿಗೂ ತೆಂಗಿನ ತೋಪಿಗೂ ನಡುವೆ ಸಿಕ್ಕಿಕೊಂಡಂತಿರುವ ಸಣ್ಣ ಕೇರಿ ಅದು. ಹಿಂದಿನ ಕಾಲದಲ್ಲಿ ಅಲ್ಲಿಯವರು ಕೈರಂಪಣಿ ಎಳೆದವರು. ಊರಿಗೆಲ್ಲ ಸೇರಿದ ಒಂದೇ ದೊಡ್ಡ ಬಲೆ. ಕಡಲಿಗೆ ಬಿಟ್ಟು, ದಡದಲ್ಲಿ ನಿಂತು, ಎರಡೂ ತುದಿಯ ಹಗ್ಗ ಹಿಡಿದು ಊರಿಗೂರೇ ಎಳೆಯುವುದು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಎಳೆಯಲಾಗದ ಮುದುಕ ಬಂದು ಹಗ್ಗ ಮುಟ್ಟಿ ನಿಂತರೂ ಪಾಲು. ಗಂಡಸಿಲ್ಲದ ಮನೆಗೆ ಹಗ್ಗ ಮುಟ್ಟದೆಯೂ ಪಾಲು. ಅದಕ್ಕೆ ‘ಹಗ್ಗದ ಪಾಲು’ ಎಂದೇ ಹೆಸರು. ಇದನ್ನು ಯಾರೂ ದಾನ ಎನ್ನುತ್ತಿರಲಿಲ್ಲ. ಮಳೆ ಬಂದರೆ ಎಲ್ಲರ ಮಾಡಿಗೂ ಬೀಳುವ ಹಾಗೆ, ಅಷ್ಟೇ.

ಕಾಲ ಕಳೆದು ಬಲೆ ಹೋಯಿತು, ದೋಣಿಗೆ ಇಂಜಿನ್ ಬಂತು, ಇಂಜಿನ್ನಿಗೆ ಸೀಮೆಎಣ್ಣೆ ಬೇಕಾಯಿತು. ಸರಕಾರ ದೋಣಿಗೊಂದು ಪರ್ಮಿಟ್ ಕೊಟ್ಟು ಕಡಿಮೆ ಕ್ರಯಕ್ಕೆ ಎಣ್ಣೆ ಕೊಡತೊಡಗಿತು. ಹೊಯ್ಗೆಕೇರಿಯವರು ಆ ಎಣ್ಣೆಗೂ ಹಗ್ಗದ ಧರ್ಮವನ್ನೇ ಹಚ್ಚಿದರು. ಎಲ್ಲರ ಡ್ರಮ್ಮುಗಳನ್ನೂ ತಂದು ಕಡಲ ದೈವ ಬೊಬ್ಬರ್ಯನ ಗುಡಿಯ ಬದಿಯ ಕೊಟ್ಟಿಗೆಯಲ್ಲಿ ಒಟ್ಟು ಇಡುವುದು, ಆ ದಿನ ಯಾರು ಕಡಲಿಗೆ ಇಳಿಯುತ್ತಾರೋ ಅವರಿಗೆ ಹೊಯ್ದು ಕೊಡುವುದು. ವೆಂಕಟ ಸತ್ತ ಮೇಲೂ ಅವನ ಪರ್ಮಿಟ್ಟಿನ ಎಣ್ಣೆ ಬರುತ್ತಲೇ ಇತ್ತು. ಊರಿನ ಮುಖಂಡ, ಗುರಿಕಾರ ಚಂದಯ್ಯ ಎಲ್ಲರ ಪರ್ಮಿಟ್ಟುಗಳನ್ನೂ ಒಟ್ಟಿಗೆ ಒಯ್ದು ಎಣ್ಣೆ ತರುವವನು. ಅದೊಂದನ್ನು ತೆಗೆದಿಡಲು ಅವನಿಗೆ ಮನಸ್ಸು ಬರಲಿಲ್ಲ. ಎಣ್ಣೆ ಊರ ದೋಣಿಗಳಿಗೆ ಹೋಗುತ್ತಿತ್ತು. ಪ್ರತಿಯಾಗಿ ವೆಂಕಟನ ಹೆಂಡತಿ ಜಲಜಳ ಮನೆಗೆ ಮೀನು ಹೋಗುತ್ತಿತ್ತು. ಅವಳು ಅದನ್ನು ಒಣಗಿಸಿ, ಬುಟ್ಟಿ ಹೊತ್ತು, ಬಸ್ಸಿನಲ್ಲಿ ಕೊಕ್ಕರ್ಣೆಯ ತನಕ ಹೋಗಿ ಮಾರಿ ಬರುತ್ತಿದ್ದಳು. ಮಗಳು ಪೂಜಿತಾ ಬ್ರಹ್ಮಾವರದಲ್ಲಿ ಓದುತ್ತಿದ್ದುದು ಅದರಿಂದಲೇ. ಇದರಲ್ಲಿ ತಪ್ಪೇನಾದರೂ ಇದ್ದೀತೆಂದು ಯಾರಿಗೂ ಹೊಳೆದಿರಲಿಲ್ಲ.

ಹಾಗಿರುವಾಗ ಮೀನುಗಾರಿಕೆ ಇಲಾಖೆಯ ಸುಧೀರ್ ಬೈಕಿನಲ್ಲಿ ಬಂದು ಸುದ್ದಿ ಹೇಳಿದ. ಒಳ್ಳೆಯ ಹುಡುಗ, ಬೈಂದೂರು ಬದಿಯವನು, ಇವರದೇ ಭಾಷೆ ಆಡುವವನು. ದಿಲ್ಲಿಯಿಂದ ಸಂಸತ್ತಿನ ಸಮಿತಿಯೊಂದು ಕುಂದಾಪುರಕ್ಕೆ ಬರುತ್ತದಂತೆ. ಸರಕಾರ ದೋಣಿಯವರ ಸೀಮೆಎಣ್ಣೆ ನಿಲ್ಲಿಸಿ, ಬದಲಿಗೆ ಬ್ಯಾಂಕಿಗೆ ಹಣ ಹಾಕುವ ಯೋಚನೆಯಲ್ಲಿದೆ. ಆ ಯೋಚನೆ ಸರಿಯೋ ತಪ್ಪೋ ಎಂದು ಈ ಸಮಿತಿ ಸರಕಾರವನ್ನೇ ಕೂರಿಸಿ ಕೇಳುತ್ತದಂತೆ. ದೋಣಿಯವರ ಪರವಾಗಿ ಹೊಯ್ಗೆಕೇರಿಯಿಂದ ಒಬ್ಬರು ಬಂದು ಮಾತಾಡಬೇಕು.

“ಸರ್ಕಾರವನ್ನ್ ಕೇಂಬುಕೂ ಜನ ಇತ್ರಾ?” ಎಂದು ಪದ್ದು ಬಾಯಿ ತೆರೆದ.

“ಇದ್ರ್ ಮಾರಾಯ್ರೆ. ಅವ್ರ್ ಹುಕುಂ ಮಾಡುದಿಲ್ಲೆ. ಕೇಂಡ್, ಕಂಡ್, ವರದಿ ಕೊಡುದ್. ಸಂಸತ್ತಲ್ಲಿ ಇಡುದ್.”

ಮಾತಾಡುವವನು ಯಾರೆಂಬ ಚರ್ಚೆಯೇ ಬರಲಿಲ್ಲ. ಗೋವರ್ಧನ ತಾಳಮದ್ದಲೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ದೀಪದ ಮುಂದೆ ಭಾಗವತನು ಪದ್ಯ ಹಾಡುತ್ತಾನೆ, ಇವನು ಕೂತಲ್ಲೇ ಪಾತ್ರವಾಗಿ ಅದರ ಅರ್ಥ ಬಿಡಿಸುತ್ತಾನೆ, ಎದುರು ಪಾತ್ರದೊಡನೆ ವಾದಕ್ಕಿಳಿಯುತ್ತಾನೆ. ಮಳೆಗಾಲದ ಸಂಜೆಗಳಲ್ಲಿ ಅಜ್ಜ ಹಾಡುತ್ತಿದ್ದ ಪದ್ಯಗಳನ್ನು ಕಂಬಕ್ಕೊರಗಿ ಕೇಳುತ್ತ ಬೆಳೆದ ನಾಲಗೆ ಅದು. ಮನೆಯಲ್ಲಿ ಮೌನಿ, ಕಡಲಲ್ಲಿಯೂ ಮೌನಿ, ದೀಪದ ಮುಂದೆ ಕೂತರೆ ಮಾತ್ರ ಮೈಮೇಲೆ ಯಾರೋ ಬಂದ ಹಾಗೆ. “ಈ ಮನ್ಷ ಮನೇಲ್ ಉಪ್ಪ್ ಬೇಕ್ ಅಂಬುಕೂ ಕೈಸನ್ನೆ ಮಾಡ್ತ್ರ್, ಸಭೇಲ್ ಇಂದ್ರನ್ನೇ ಬಯ್ತ್ರ್” ಎಂದು ಅವನ ಹೆಂಡತಿ ಮೋಹಿನಿ ನಗುತ್ತಿದ್ದಳು.

ಕೆಟ್ಟದ್ದು ಅಲ್ಲೇ. ಸಭೆಯಲ್ಲಿ ಎಂಥ ಪ್ರಶ್ನೆ ಬರಬಹುದು, ಮೊದಲೇ ನೋಡಿಕೊಳ್ಳೋಣ ಎಂದು ಚಂದಯ್ಯ ಹೇಳಿದ. ಮಾತಿನ ಸಭೆ ಅಂದ ಮೇಲೆ ಹೊಯ್ಗೆಕೇರಿಗೆ ತಿಳಿದದ್ದು ಒಂದೇ ಕ್ರಮ. ಸಂಜೆ ಬೊಬ್ಬರ್ಯನ ಗುಡಿಯ ಎದುರಿನ ಚಪ್ಪರದಲ್ಲಿ ಚಾಪೆ ಹಾಸಿದರು, ದೀಪ ಹಚ್ಚಿದರು, ಪದ್ದು ಮದ್ದಲೆ ತಂದ. ಜಲಜ ಮಾತ್ರ ದಣಿದು ಬಂದು ಮನೆಯಲ್ಲೇ ಉಳಿದಿದ್ದಳು. ಗೋವರ್ಧನನಿಗೆ ಸಮಿತಿಯ ಅಧ್ಯಕ್ಷನ ಪಾತ್ರ. ಚಂದಯ್ಯನಿಗೆ ಊರಿನ ಪಾತ್ರ. ಮೊದಮೊದಲು ನಗೆಯೇ ನಗೆ. ಅಧ್ಯಕ್ಷ ಒಂದು ಕೇಳಿದರೆ ಗುರಿಕಾರ ಒಂಬತ್ತು ಹೇಳುವುದು, ಪದ್ದು ನಡುನಡುವೆ ಮದ್ದಲೆಯ ಮೇಲೆ ಪೆಟ್ಟು ಹಾಕುವುದು. ವಾದ ಏರುತ್ತ ಹೋಯಿತು. ಗೋವರ್ಧನ ಎದುರಾಳಿಯ ಕವಚ ಎಲ್ಲಿ ತೆಳ್ಳಗಿದೆ ಎಂದು ಹುಡುಕುವ ಅಭ್ಯಾಸದವನು. ಹುಡುಕಿದ, ಸಿಕ್ಕಿತು, ಕೈ ತಡೆಯಲಿಲ್ಲ.

“ಎಲೈ ಗುರಿಕಾರನೇ, ದೋಣಿಗೆಂದು ಕೊಟ್ಟ ಎಣ್ಣೆ ದೋಣಿಗೇ ಸಂದಿದೆ ಎನ್ನುವೆಯಲ್ಲ! ಹಾಗಾದರೆ ಹೇಳು, ಮೂಕಾಂಬಾ ಪ್ರಸಾದವೆಂಬ ದೋಣಿಯ ಹೆಸರಿನಲ್ಲೂ ಎಣ್ಣೆ ಪಡೆದೆಯಷ್ಟೆ? ಎಲ್ಲಿದೆ ಆ ದೋಣಿ?”

ಚಪ್ಪರದಲ್ಲಿ ಕೂತವರು ಒಬ್ಬರನ್ನೊಬ್ಬರು ನೋಡಿದರು. ಗೋವರ್ಧನನಿಗೆ ತನ್ನ ಮಾತು ತನಗೇ ಕೇಳಿಸಿದ್ದು ಆಗ. ಚಂದಯ್ಯನ ಮುಖ ಕೆಂಪಾಗಿತ್ತು. ವಾದದಲ್ಲಿ ಸೋತು ಎದ್ದ ಮನುಷ್ಯನಲ್ಲ ಅವನು. ಕೈ ನೀಡಿ ದೀಪದ ಕಡೆ ತೋರಿಸಿ ಗುಡುಗಿದ: “ಕೇಳು ಅಧ್ಯಕ್ಷನೇ! ಬೊಬ್ಬರ್ಯನ ದೀಪದ ಸಾಕ್ಷಿಯಾಗಿ ಹೇಳುತ್ತೇನೆ, ದೋಣಿ ದಡದಲ್ಲಿದೆ. ಬಂದು ನೋಡು!”

ಪದ್ದು ಮದ್ದಲೆ ಬಾರಿಸಲಿಲ್ಲ. ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಚಂದಯ್ಯ ಗೋವರ್ಧನನ ಅಂಗಳದಲ್ಲಿ ಬಂದು ನಿಂತ. “ಮಾತ್ ಬಿದ್ದೋಯ್ತಲಾ ಗೋವರ್ಧನಾ. ದೈವದ್ ಮುಂದೆ.”

“ಅದ್ ಪಾತ್ರದ್ ಮಾತಲ್ದಾ ಗುರಿಕಾರ್ರೆ?”

“ಪಾತ್ರಕ್ಕೆ ನಾಲ್ಗೆ ಯಾರ್ದ್?”

ಸಮಿತಿ ದಡಕ್ಕೆ ಬರಲಿ ಬಿಡಲಿ, ದೈವದ ಮುಂದೆ ಇದೆ ಎಂದ ದೋಣಿ ಇರಲೇಬೇಕು. ಊರೆಲ್ಲ ಅದನ್ನು ಒಪ್ಪಿತು. ಒಬ್ಬರ ಮನೆಯ ಹಿಂದೆ ಮಗುಚಿ ಹಾಕಿದ್ದ ಹಳೆಯ ದೋಣಿಯೊಂದು ಹೊರಬಂತು. ತೂತು ಮುಚ್ಚಿದರು, ಬಣ್ಣ ತಂದರು. ಹೆಸರು ಬರೆಯುವುದೊಂದು ಬಾಕಿ. ಅದಕ್ಕೊಂದು ಕ್ರಮವಿತ್ತು: ದೋಣಿಗೆ ಹೆಸರು ಬರೆಯುವ ಮೊದಲು ಆ ದೋಣಿಯ ಮನೆಯ ಹೆಂಗಸು ಅದರ ಮೂತಿಗೆ ಅರಿಶಿನ ಹಚ್ಚಬೇಕು. ಗಂಡ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆ ಮನೆಯ ಕೈ ಮುಟ್ಟದ ದೋಣಿಗೆ ಹೆಸರಿಲ್ಲ.

ಅಂದರೆ ಜಲಜ ಹಚ್ಚಬೇಕು.

“ಅವ್ಳ್ ಒಳ್ಳೇದಕ್ಕೇ ಅಲ್ದಾ? ನೀ ಮೈದಿನ. ನೀನೇ ಒಂದ್ ಮಾತ್ ಹೇಳ್,” ಎಂದು ಚಂದಯ್ಯ ಹೊರೆ ಇವನ ಹೆಗಲಿಗೆ ಹಾಕಿದ.

ಗೋವರ್ಧನ ಹೇಳಿರಲಿಲ್ಲ. ಬೆಳಿಗ್ಗೆ ಹೇಳುತ್ತೇನೆ ಎಂದುಕೊಂಡರೆ ಅತ್ತಿಗೆ ಬುಟ್ಟಿ ಹೊತ್ತು ಬಸ್ಸಿಗೆ ಓಡುತ್ತಿದ್ದಳು. ಸಂಜೆ ಹೇಳುತ್ತೇನೆ ಎಂದುಕೊಂಡರೆ ದಣಿದು ಬಂದು ಕಾಲು ಚಾಚಿ ಕೂತಿರುತ್ತಿದ್ದಳು. ದೋಣಿಗೆ ಬಣ್ಣ ಬಳಿಯುವುದನ್ನು ಅವಳು ದೂರದಿಂದ ನೋಡಿದ್ದಳು; ಯಾರದೋ ದುರಸ್ತಿ ಎಂದು ತಿಳಿದಿದ್ದಳು. ಎಣ್ಣೆಯ ಮಾತನ್ನು ಯಾರೂ ಅವಳ ಕಿವಿಗೆ ಹಾಕಿರಲಿಲ್ಲ.

“ಅತ್ಗೆ ಹತ್ರ ಹೇಳಿದ್ರ್ಯಾ?” ಎಂದು ಮೋಹಿನಿ ಆ ರಾತ್ರಿಯೂ ಕೇಳಿದಳು.

“ನಾಳೆ ಸಭೆ ಮುಗ್ಸ್ಕಂಡ್ ಬಂದ್ ಹೇಳ್ತೆ.”

“ಸಭೇಲ್ ಮಾತಾಡುಕೆ ಹೆದ್ರಿಕಿ ಇಲ್ಲೆ, ಅತ್ಗೆ ಹತ್ರ ಹೆದ್ರಿಕಿ. ನಿಮ್ಗ್ ಹೆಂಗ್ಸ್ರೇ ಅಧ್ಯಕ್ಷ್ರಾಯ್ಕ್.”

ಇನ್ನೊಂದು ದಾರಿಯೂ ಇತ್ತು, ಅವನು ಅದನ್ನು ಯೋಚಿಸದೆ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ಹಗ್ಗದ ಪಾಲಿನ ಧರ್ಮವನ್ನೇ ಬಿಡಿಸಿ ಹೇಳಿದರೆ ತಿಳಿದವರಿಗೆ ತಿಳಿಯದೆ ಇದ್ದೀತೆ? ಮಾರನೆಯ ಬೆಳಿಗ್ಗೆ ಬೈಕಿನ ಹಿಂದೆ ಕೂತು ಕುಂದಾಪುರಕ್ಕೆ ಹೋಗುವಾಗ ಸುಧೀರನ ಕಿವಿಗೆ ಅದನ್ನು ಹಾಕಿದ. ಸುಧೀರ್ ಬೈಕು ಬದಿಗೆ ನಿಲ್ಲಿಸಿದ.

“ಹೇಳ್ಬೇಡಿ. ಕೈ ಮುಗಿತೆ. ಪರ್ಮಿಟ್ ದೋಣಿಗೆ, ಊರಿಗಲ್ಲ. ನೀವ್ ಧರ್ಮ ಅಂಬುದಕ್ಕೆ ಅವ್ರ್ ಸೋರಿಕೆ ಅಂತ್ರ್. ಒಂದ್ ದೋಣಿ ಸುಳ್ಳ್ ಅಂತಾದ್ರೆ ಊರ್ ಎಲ್ಲಾ ಪರ್ಮಿಟ್ಟೂ ತಡೆ ಹಿಡಿತ್ರ್. ಮಳೆಗಾಲ ಬಪ್ಪು ಹೊತ್ತ್.”

“ಹಾಂಗಾರೆ ಎಂತ ಮಾಡುದ್?”

“ಎಂತದೂ ಹೇಳ್ಬೇಡಿ. ಮಧ್ಯಾಹ್ನ ಉಂಡ್ಕಂಡ್ ಅವ್ರ್ ಕೊಲ್ಲೂರಿಗೆ ಹೋಪುದ್. ದಡಕ್ಕೆ ಬಪ್ಪುದಿಲ್ಲೆ. ಹೋಯ್ತ್, ಮುಗೀತ್.”

ಸಭೆ ನಡೆದದ್ದು ಒಂದು ಹೋಟೆಲಿನ ತಂಪು ಸಭಾಂಗಣದಲ್ಲಿ. ಕಿಟಕಿಗಳಿಗೆ ದಪ್ಪ ಪರದೆ. ಉದ್ದ ಮೇಜಿನ ಒಂದು ಕಡೆ ಸಮಿತಿಯವರು. ಎದುರು ಸರಕಾರದ ಅಧಿಕಾರಿಗಳು. ಗೋಡೆಯ ಬದಿಯ ಕುರ್ಚಿಗಳಲ್ಲಿ ಊರೂರಿನ ದೋಣಿಯವರು. ಅಧ್ಯಕ್ಷರು ವಯಸ್ಸಾದವರು, ಹಿಂದಿಯಲ್ಲಿ ಮೆಲ್ಲಗೆ ಮಾತಾಡುವವರು. ಅವರ ಮಗ್ಗುಲಲ್ಲಿ ಮೂಡಣ ಕಡಲಿನ ಕಡೆಯಿಂದ ಆರಿಸಿಬಂದ ಒಬ್ಬ ಸದಸ್ಯೆ, ಹತ್ತಿಯ ಸೀರೆಯವರು, ಕೈಯಲ್ಲಿ ಪೆನ್ಸಿಲ್. ಸುಧೀರ್ ನಡುವೆ ನಿಂತು ಅತ್ತಣ ಹಿಂದಿಯನ್ನು ಕನ್ನಡ, ಇತ್ತಣ ಕನ್ನಡವನ್ನು ಹಿಂದಿ ಮಾಡುತ್ತಿದ್ದ.

ಆ ಸದಸ್ಯೆ ಮೊದಲು ಹಿಡಿದದ್ದು ದಿಲ್ಲಿಯಿಂದ ಬಂದ ಮಂತ್ರಾಲಯದ ಅಧಿಕಾರಿಯನ್ನು. ಸೀಮೆಎಣ್ಣೆ ಕಡಿಮೆ ಮಾಡುವಾಗ ಕಡಲ ಬದಿಯವರನ್ನು ಕೇಳಿದಿರೋ? ಬ್ಯಾಂಕಿಗೆ ಹಣ ಹಾಕುತ್ತೀರಿ, ಸರಿ. ಮೊದಲು ಪೂರ್ತಿ ಕ್ರಯ ಕೊಟ್ಟು ಕೊಳ್ಳುವ ಎಣ್ಣೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದಿರೋ? ಇಂಜಿನ್ ಹೊತ್ತಿಸುವುದಕ್ಕೆ ಪೆಟ್ರೋಲು, ಓಡುವುದಕ್ಕೆ ಸೀಮೆಎಣ್ಣೆ ಎಂಬುದಾದರೂ ನಿಮಗೆ ಗೊತ್ತೋ? ಅಧಿಕಾರಿ ಕಾಗದ ತಿರುವಿದರು, ನೀರು ಕುಡಿದರು. ಆ ತಂಪಿನಲ್ಲಿಯೂ ಅವರ ಹಣೆಯಲ್ಲಿ ಬೆವರು ಮೂಡಿತು. ಸರಕಾರದ ಹಣೆಯಲ್ಲಿ ಬೆವರು ಕಂಡದ್ದು ಗೋವರ್ಧನನ ಆಯುಷ್ಯದಲ್ಲಿ ಅದೇ ಮೊದಲು. ಅವನ ಎದೆ ಹಗುರವಾಯಿತು. ನಮ್ಮ ಪರವಾಗಿ ಕೇಳುವ ಒಬ್ಬ ತಾಯಿ ಇದ್ದಾಳಲ್ಲ ಎಂದು ಮನಸ್ಸಿನಲ್ಲೇ ಕೈ ಮುಗಿದ.

ಆಗ ಅಧಿಕಾರಿ ಕತ್ತೆತ್ತಿ ಹೇಳಿದರು: “ಪರ್ಮಿಟ್ಟುಗಳಷ್ಟು ದೋಣಿ ನೀರಿನಲ್ಲಿ ಇಲ್ಲ ಎಂಬುದು ನಮ್ಮ ಸಂಶಯ. ಇಲ್ಲದ ದೋಣಿಗಳು ಎಣ್ಣೆ ಕುಡಿಯುತ್ತಿವೆ. ಹಣ ಖಾತೆಗೆ ಹೋದರೆ ಅಂಥ ದೋಣಿಗಳು ತಾವಾಗಿ ಮುಳುಗುತ್ತವೆ. ನಮ್ಮ ನೀತಿಯ ಉದ್ದೇಶ ಅಷ್ಟೇ.”

ಸಭಾಂಗಣದಲ್ಲಿ ಎಲ್ಲರೂ ಗೋಡೆಯ ಬದಿಯ ಕುರ್ಚಿಗಳನ್ನು ನೋಡಿದರು. ಸದಸ್ಯೆ ಗೋವರ್ಧನನ ಹೆಸರು ಕರೆದರು.

ಅವನು ಎದ್ದು ನಿಂತ. ಆಟಿ ತಿಂಗಳ ಮಳೆಯ ಕಡಲಿನ ವರ್ಣನೆಯಿಂದ ಸುರುಮಾಡಿದ. ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡಿರುವ ಮಳೆಯಲ್ಲಿ ನಾಡದೋಣಿ ಹೇಗೆ ತೆರೆಯ ಬೆನ್ನೇರುತ್ತದೆ, ಮನೆಯಲ್ಲಿ ಹೆಂಗಸರು ಹೇಗೆ ದೇವರ ದೀಪಕ್ಕೆ ಎಣ್ಣೆ ಹೊಯ್ದು ಕೂರುತ್ತಾರೆ, ಅಲ್ಲಿ ಆ ಎಣ್ಣೆ ತೀರಬಾರದು ಇಲ್ಲಿ ಈ ಎಣ್ಣೆ ತೀರಬಾರದು ಎಂದು ಬಿಡಿಸಿ ಬಿಡಿಸಿ ಹೇಳಿದ. ಮುಗಿಸಿದಾಗ ಸುಧೀರ್ ಹಿಂದಿಯಲ್ಲಿ ಒಂದೇ ಒಂದು ವಾಕ್ಯ ಹೇಳಿದ.

“ಅಷ್ಟೆಯಾ?” ಎಂದ ಗೋವರ್ಧನ ಮೆಲ್ಲಗೆ.

“ಮಳೆಗಾಲದಲ್ಲಿ ಎಣ್ಣೆ ಬೇಕ್ ಅಂದೆ. ನೀವ್ ಹೇಳಿದ್ದ್ ಅದೇ ಅಲ್ದಾ?”

ಸದಸ್ಯೆ ಮುಗುಳ್ನಕ್ಕರು. ನಗು ಹಾಗೆಯೇ ಇದ್ದಾಗ ಪ್ರಶ್ನೆ ಬಂತು. ಅವರು ಗದರಿಸಿ ಕೇಳಲಿಲ್ಲ; ಅಧಿಕಾರಿಯ ಬಾಯಿ ಮುಚ್ಚಿಸಲು ಒಂದು ಆಯುಧ ಕೊಡು ಎಂದು ಮನೆಯವರನ್ನು ಕೇಳುವ ಹಾಗೆ ಕೇಳಿದರು: ನಿಮ್ಮ ಊರಿನಲ್ಲಿ ಪರ್ಮಿಟ್ ಇರುವ ದೋಣಿಗಳೆಲ್ಲ ದಡದಲ್ಲಿ ಇವೆಯಷ್ಟೆ?

ಕೈರಂಪಣಿಯಲ್ಲಿ ಮೀನಿಗೆ ಮೊದಲು ಏನೂ ತಿಳಿಯುವುದಿಲ್ಲ. ಬಲೆ ದೂರದಲ್ಲಿ ಸುತ್ತಿರುತ್ತದೆ; ಇಡೀ ಕಡಲು ತನ್ನದೇ ಎಂದು ಆಡಿಕೊಂಡಿರುತ್ತದೆ. ದಡ ಹತ್ತಿರವಾದ ಮೇಲೆಯೇ ಎಡಕ್ಕೂ ನೂಲು, ಬಲಕ್ಕೂ ನೂಲು. ಇಲ್ಲ ಎಂದರೆ ಊರು ಹೋಯಿತು, ಅತ್ತಿಗೆಯ ಪಾಲು ಹೋಯಿತು. ಹೌದು ಎಂದರೆ ಈ ಹೆಂಗಸಿಗೆ ಎದುರೆದುರೇ ಸುಳ್ಳು. ನಡುವೆ ಮೌನವಾಗಿ ನಿಲ್ಲೋಣವೆಂದರೆ ಮೌನವೇ ಉತ್ತರವಾಗುತ್ತದೆ. ಗೋವರ್ಧನನಿಗೆ ತಾನು ಯೋಚಿಸಿದ್ದು ನೆನಪಿಲ್ಲ. ಪಾತ್ರವೇ ಮುಂದೆ ಬಂತು. ಚಂದಯ್ಯ ಆಡಿದ್ದ ಮಾತು, ಅದೇ ಏರಿನಲ್ಲಿ, ಅವನ ನಾಲಗೆಯಿಂದ ಹೊರಟಿತು:

“ದೋಣಿಗಳು ದಡದಲ್ಲಿವೆ. ಬಂದು ನೋಡಿ!”

ಸುಧೀರ್ ಅವನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚು ಭಯವಿತ್ತು. ಕನ್ನಡ ಬಾರದ ಸದಸ್ಯೆಗೂ ಆ ಮಾತಿನ ಏರು ಅರ್ಥವಾಗಿತ್ತು. ಅವರು ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದರು. ಅಧ್ಯಕ್ಷರು ಗಡಿಯಾರ ನೋಡಿ ತಲೆಯಾಡಿಸಿದರು. ಕೊಲ್ಲೂರಮ್ಮನ ದರ್ಶನ ಸಂಜೆಗೂ ಆದೀತು. ಊಟ ಮುಗಿಸಿ ಹೊಯ್ಗೆಕೇರಿಯ ದಡಕ್ಕೆ ಹೋಗಿ, ಒಂದೊಂದೇ ದೋಣಿಯ ಹೆಸರು ಓದಿ ನೋಡುವುದು.

ಹೊರಗೆ ಮೆಟ್ಟಿಲಿನ ಬಳಿ ಸದಸ್ಯೆಯೇ ಅವನ ಹತ್ತಿರ ಬಂದರು. ಸುಧೀರ್ ನೆಲ ನೋಡುತ್ತ ಕನ್ನಡ ಮಾಡಿದ: “ನಿಮ್ಮ ಲೆಕ್ಕ ಸರಿಯಿದ್ದರೆ ಈ ನೀತಿಯನ್ನು ನಾನು ನಿಲ್ಲಿಸಿಯೇ ನಿಲ್ಲಿಸುತ್ತೇನೆ, ಅನ್ನುತ್ತಾರೆ. ಇಡೀ ಕರಾವಳಿಗೆ ನಿಮ್ಮ ಊರನ್ನೇ ಉದಾಹರಣೆ ಕೊಡುತ್ತಾರಂತೆ. ಒಂದು ದೋಣಿ ಕಡಿಮೆ ಬಿದ್ದರೂ ಅವರು ಬಾಯಿ ಮುಚ್ಚಿ ಕೂರಬೇಕಾಗುತ್ತದಂತೆ.”

ಗೋವರ್ಧನ ಕೈ ಮುಗಿದ. ಒಳ್ಳೆಯವರ ನಂಬಿಕೆ ಇಷ್ಟು ಭಾರವಿರುತ್ತದೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

ಬೈಕು ಬೀಜಾಡಿಯ ದಾರಿ ಹಿಡಿದು ಓಡಿತು. ಗಾಳಿಮರದ ನೆರಳಿನಲ್ಲಿ ಚಂದಯ್ಯ ಕಾದು ನಿಂತಿದ್ದ. ಊರಿನ ದೋಣಿಗಳನ್ನೆಲ್ಲ ಮರಳಿನ ಮೇಲೆ ಸಾಲಾಗಿ ತಂದು ನಿಲ್ಲಿಸಿದ್ದರು. ಸಾಲಿನ ಕೊನೆಗೆ ಹಸಿರು ದೋಣಿ, ಹಸಿ ಬಣ್ಣದ ವಾಸನೆ. ಪದ್ದು ಬಿಳಿ ಬಣ್ಣದ ಡಬ್ಬಿ ಹಿಡಿದು ಅದರ ಮಗ್ಗುಲಿಗೆ ಕೂತಿದ್ದ.

“ಬತ್ರ್ ಅಂಬ್ರಾ?” ಎಂದ ಚಂದಯ್ಯ.

“ಬತ್ರ್. ಉಂಡ್ ಹೊರ್ಟ್ರೆ ಆಯ್ತ್.”

“ಜಲಜಂಗೆ ಹೇಳಿದ್ಯಾ?”

ಗೋವರ್ಧನ ತಲೆ ತಗ್ಗಿಸಿದ. “ಹೋಯ್, ಈ ಮಹಾರಾಯ ದಿಲ್ಲಿಯವ್ರನ್ನೇ ಕರ್ದ್ ಬಂದ, ಬಾಗ್ಲ್ ಬದಿ ಅತ್ಗೆನ್ ಕರಿಲಿಲ್ಲೆ!” ಎಂದು ಪದ್ದು ಹಣೆ ಬಡಿದುಕೊಂಡ.

ಕರೆಯುವ ಅಗತ್ಯ ಬೀಳಲಿಲ್ಲ. ಜಲಜ ಬಸ್ಸಿಳಿದು, ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು, ತೋಪಿನ ದಾರಿಯಿಂದ ಇಳಿದು ಬರುತ್ತಿದ್ದಳು. ಎತ್ತರದ ಹೆಂಗಸು, ನಡಿಗೆಯಲ್ಲಿ ಅವಸರವಿಲ್ಲ. ಸಾಲಾಗಿ ನಿಂತ ದೋಣಿಗಳನ್ನು ಕಂಡು ಅಲ್ಲೇ ನಿಂತಳು.

“ಎಂತ ಇದ್? ದೋಣಿಗಳಿಗೆ ಮದ್ವೆಯಾ?”

ಮೋಹಿನಿ ಅರಿಶಿನದ ಬಟ್ಟಲು ಹಿಡಿದು ಬಂದು, ಗಂಡನ ಕೈಗೆ ಕೊಟ್ಟು, ಹಿಂದೆ ಸರಿದಳು. ಗೋವರ್ಧನ ಬಟ್ಟಲು ಹಿಡಿದು ಅತ್ತಿಗೆಯ ಎದುರು ನಿಂತ. ಅಣ್ಣನ ಮದುವೆಯ ದಿನ ಇದೇ ಅತ್ತಿಗೆ ತನ್ನ ಕೈಗೆ ಬೆಲ್ಲದ ತುಂಡು ಇಟ್ಟದ್ದು ಏಕೋ ಮನಸ್ಸಿಗೆ ಬಂತು. ಸುತ್ತಿ ಬಳಸಿ ಹೇಳುವ ವಿದ್ಯೆಯೆಲ್ಲ ಬಿಟ್ಟುಹೋಗಿತ್ತು. ಹೇಗೆ ಬಂತೋ ಹಾಗೆ ಹೇಳಿದ: ಅಣ್ಣನ ಹೆಸರಿನ ಎಣ್ಣೆ ಇನ್ನೂ ಬರುತ್ತಿದೆ, ದಿಲ್ಲಿಯವರು ದೋಣಿ ನೋಡಲು ಹೊರಟಿದ್ದಾರೆ, ಈ ದೋಣಿಗೆ ‘ಮೂಕಾಂಬಾ ಪ್ರಸಾದ’ ಎಂದು ಬರೆಯಬೇಕು, ಮೊದಲು ನಿಮ್ಮ ಕೈಯ ಅರಿಶಿನ ಬೀಳಬೇಕು.

ಜಲಜ ಬುಟ್ಟಿಯನ್ನು ಕೆಳಗಿಟ್ಟಳು.

“ಅವ್ರ್ ಹೆಸ್ರಲ್ ಎಣ್ಣಿ ಬತ್ತಿತ್ತಾ? ಇಷ್ಟ್ ಸಮಯವೂ?”

“ಹೌದ್ ಅತ್ಗೆ.”

“ನಮ್ಮನಿಗೆ ಬಂದ್ ಮೀನ್?”

ಗೋವರ್ಧನ ಚಂದಯ್ಯನನ್ನು ನೋಡಿದ. ಚಂದಯ್ಯ ಕಡಲನ್ನು ನೋಡಿದ.

“ನಾ ಹಗ್ಗದ್ ಪಾಲ್ ಅಂದ್ಕಂಡಿದ್ದೆ,” ಎಂದಳು ಜಲಜ. ದನಿ ಏರಲಿಲ್ಲ. “ಗಂಡ್ಸಿಲ್ದ್ ಮನಿಗೆ ಊರ್ ಕೊಡುದ್, ನಮ್ಮತ್ತೆಗೂ ಕೊಟ್ಟಿದ್ದ್ರ್, ನಂಗೂ ಕೊಡ್ತ್ರ್ ಅಂದ್ಕಂಡ್ ತಲೆ ಎತ್ಕಂಡ್ ತಿಂದೆ. ಮಗ್ಳಿಗೂ ಹಾಂಗೇ ಹೇಳಿದೆ. ಈಗ ಹೇಳ್ ಗೋವರ್ಧನಾ. ಆ ಎಣ್ಣಿ ಇಲ್ದಿದ್ರೂ ಕೊಡ್ತಿದ್ದ್ರ್ಯಾ?”

ಕೊಡುತ್ತಿದ್ದೆವು ಎನ್ನಬೇಕು. ಒಂದೇ ಒಂದು ಮಾತು. ಕೊಡುತ್ತಿದ್ದರೋ? ಇದ್ದ ಎಣ್ಣೆಗೇ ತತ್ವಾರವಾದ ಈ ಕಾಲದಲ್ಲಿ, ಬಲೆಯಿಲ್ಲದ, ಹಗ್ಗವಿಲ್ಲದ ಊರಿನಲ್ಲಿ? ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಆಡಿ ಅದೇ ದಿನ ಒಮ್ಮೆ ಸಿಕ್ಕಿಬಿದ್ದಾಗಿತ್ತು.

ಸುಧೀರನ ಫೋನು ಸದ್ದು ಮಾಡಿತು. ಅವನು ಕಿವಿಗಿಟ್ಟು ಕೇಳಿ, “ಕೋಟೇಶ್ವರ ದಾಟಿದ್ರ್ ಅಂಬ್ರ್,” ಎಂದ.

ಚಂದಯ್ಯ ಮುಂದೆ ಬಂದ. ಊರ ಗುರಿಕಾರ, ದೈವದ ಮುಂದಲ್ಲದೆ ಬೇರೆಲ್ಲೂ ಕೈ ಜೋಡಿಸದವನು, ಎರಡೂ ಕೈ ಜೋಡಿಸಿದ. “ಜಲಜಾ, ಮಗಾ, ಕೊಡ್ತಿತ್ತಾ ಇಲ್ಯಾ ಅಂಬುದ್ ಮತ್ತೆ ಮಾತಾಡ್ವ. ನಾ ಬೊಬ್ಬರ್ಯನ್ ಎದ್ರ್ ಆಡಿದ್ ಮಾತಿತ್ತ್. ಊರೆಲ್ಲ ನಿನ್ ಕೈ ಕಾಯ್ತಿತ್ತ್. ಒಂದ್ ಬೆರಳ್ ಅರಿಶಿನ. ಅಷ್ಟೇ.”

ಜಲಜ ಹಸಿರು ದೋಣಿಯ ಹತ್ತಿರ ಹೋದಳು. ಪದ್ದು ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ ಎತ್ತಿದ. ಅವಳು ದೋಣಿಯ ಮೂತಿಯ ಮೇಲೆ ಕೈ ಆಡಿಸಿ, ಬೆರಳಿಗೆ ಹತ್ತಿದ ಹಸಿ ಬಣ್ಣವನ್ನು ನೋಡಿ, ಮರಳಿಗೆ ಬಗ್ಗಿ ಉಜ್ಜಿ ಉಜ್ಜಿ ಒರೆಸಿಕೊಂಡಳು.

“ಅವ್ರ್ ಇಲ್ಲೆ ಅಂತ ಒಪ್ಕಂಬುಕೆ ನಂಗೆ ಎಷ್ಟ್ ಕಷ್ಟ ಆಯ್ತ್ ಅಂತ ನಿಮ್ಗ್ಯಾರಿಗೂ ಗೊತ್ತಿಲ್ಲೆ,” ಎಂದಳು. “ಬಾಗ್ಲ್ ಸದ್ದಾರೆ ಎದ್ದ್ ಕೂಕಂತಿದ್ದೆ. ಈಗಳ್ ನಿದ್ದಿ ಬತ್ತಿತ್ತ್. ಈಗ ನೀವ್ ಅವ್ರನ್ನ್ ಬದ್ಕ್ಸಿ, ದಿಲ್ಲಿಯವ್ರಿಗೆ ತೋರ್ಸಿ, ಸಂಜಿಗೆ ಮತ್ತೊಂದ್ ಸಲ ಸಾಯ್ಸುದ್. ಅದಕ್ಕೆ ನನ್ ಕೈಯ್ಯೇ ಬೇಕ್.”

“ಹಾಂಗಲ್ಲ ಅತ್ಗೆ—”

“ಮೀನ್ ಬೇಡ. ನಾಳೆಂದ ತರ್ಬೇಡಿ.”

“ಅತ್ಗೆ, ಪೂಜಿತನ್ ಓದ್—”

“ಅದ್ ನಾ ಕಂಡ್ಕಂತೆ.”

ತೋಪಿನ ಆಚೆ, ಮಣ್ಣಿನ ದಾರಿ ತಿರುಗುವಲ್ಲಿ, ಕಾರುಗಳ ಹಾರ್ನ್ ಕೇಳಿಸಿತು. ಮಕ್ಕಳು ಆ ಕಡೆ ಓಡಿದರು. ಗೋವರ್ಧನ ಬಟ್ಟಲನ್ನು ಇನ್ನೂ ಮುಂದೆ ಚಾಚಿದ. ಬಟ್ಟಲು ವಾಲಿ ಅರಿಶಿನ ಅವನ ಬಿಳಿ ಪಂಚೆಯ ಮೇಲೆ ಚೆಲ್ಲಿತು. ಸಾವಿರ ಜನರ ಎದುರು ನಡುಗದ ದನಿ ಮಕ್ಕಳ ದನಿಯ ಹಾಗೆ ಸಣ್ಣಗಾಯಿತು.

“ನಂಗಾಗಿ, ಅತ್ಗೆ. ಒಂದ್ ಸಲ.”

ಜಲಜ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಅವನ ಮುಖವನ್ನೇ ನೇರವಾಗಿ ನೋಡಿದಳು.

“ಇಲ್ಲೆ,” ಎಂದಳು. “ನಾ ಹಚ್ಚುದಿಲ್ಲೆ.”